ಮಂಗಳಕ್ಕೆ ಕೈಸಾಮಾನು

ವಿಮಾನಗಳು ಹಾರುವುದನ್ನು ಬಿಟ್ಟು ಎಷ್ಟೋ ಕಾಲವಾಗಿದ್ದರೂ ಎರೆಗಲ್ಲಿನ ಜನ ಅದನ್ನು ಫ್ಲೈಟ್ ಅಂತಲೇ ಕರೆಯುತ್ತಿದ್ದರು. ಕರೆಯದೆ ಏನು ಮಾಡಿಯಾರು ಹೇಳಿ. ಕಂಪನಿ ಅದೇ ವಿಮಾನ ಕಂಪನಿ, ಕಟ್ಟಡ ಅದೇ ಹಳೆ ನಿಲ್ದಾಣ, ಟಿಕೆಟ್ಟು ಅದೇ, ಸೊಂಟಕ್ಕೆ ಬಿಗಿಯುವ ಬೆಲ್ಟೂ ಅದೇ. ಕಿಟಕಿ ಬದಿಯ ಸೀಟು ಬೇಕೋ ಎಂದು ಕೌಂಟರಿನಲ್ಲಿ ಇನ್ನೂ ಕೇಳುತ್ತಿದ್ದರು. ಕಿಟಕಿಯೇ ಇರಲಿಲ್ಲ, ಆ ಮಾತು ಬೇರೆ. ರನ್‌ವೇ ಇದ್ದ ಜಾಗದಲ್ಲಿ ಈಗ ಕರಿಕಲ್ಲಿನ ದುಂಡನೆಯ ಕಟ್ಟೆ, ಅದರ ಮೇಲೆ ಎರಡಾಳೆತ್ತರದ ತಾಮ್ರದ ಬಳೆ, ಬಳೆಯ ನಡುವೆ ಒಂದೇ ಒಂದು ಕುರ್ಚಿ. ಅದರಲ್ಲಿ ಕುಳಿತವರು ಕಣ್ಣು ಮುಚ್ಚಿ ತೆರೆಯುವುದರೊಳಗೆ ಮಂಗಳ ಗ್ರಹದಲ್ಲಿರುತ್ತಿದ್ದರು. ಜನ ಅದಕ್ಕೆ ಹೊಸ್ತಿಲು ಎಂದು ಹೆಸರಿಟ್ಟಿದ್ದರು, ಕಂಪನಿಯೂ ಕೊನೆಗೆ ಅದನ್ನೇ ಬೋರ್ಡಿನ ಮೇಲೆ ಬರೆಸಿತು.

ಅಲ್ಲಿ ಕೆಲಸ ಮಾಡುವವರಿಗೂ ಅದು ಹಳತಾಗಲಿಲ್ಲ. ಹೊಸ್ತಿಲು ತೆರೆಯುವ ಗಳಿಗೆಗೆ ಬಳೆಯೊಳಗಿನ ಗಾಳಿ ತಟಸ್ಥವಾಗುತ್ತಿತ್ತು, ತೇಲುವ ದೂಳಿನ ಕಣ ಇದ್ದಲ್ಲೇ ನಿಲ್ಲುತ್ತಿತ್ತು. ಆಮೇಲೆ ಒಂದು ರೆಪ್ಪೆ ಬಡಿಯುವಷ್ಟು ಹೊತ್ತು ಆಚೆ ಬದಿಯ ಬೆಳಕು ಇತ್ತ ಚೆಲ್ಲುತ್ತಿತ್ತು, ತಿಳಿ ಕೆಂಪು, ಯಾವ ನಮೂನೆಯ ಬೆಳಗೂ ಅಲ್ಲ, ಬೈಗೂ ಅಲ್ಲ. ಕಂಟ್ರೋಲ್ ರೂಮಿನಲ್ಲಿ ಚಹಾ ಕುಡಿಯುತ್ತಿದ್ದವರು ಕಪ್ಪನ್ನು ಕೈಯಲ್ಲೇ ಹಿಡಿದು ಸುಮ್ಮನೆ ಎದ್ದು ನಿಲ್ಲುತ್ತಿದ್ದರು. ಎದ್ದು ನಿಲ್ಲಿ ಎಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಇಂಥ ಹೊಸ್ತಿಲಿಗೂ ಒಂದು ಹಟವಿತ್ತು. ಅದು ಗೊತ್ತಾದದ್ದು ಉದ್ಘಾಟನೆಯ ದಿನ. ಕಂಪನಿಯ ನಿರ್ದೇಶಕರೊಬ್ಬರು ಹೊಸದಾಗಿ ಹೊಲಿಸಿದ ಸೂಟು ತೊಟ್ಟು, ಹೊಸ ಬ್ಯಾಗು ತೊಡೆಯ ಮೇಲಿಟ್ಟು ಗತ್ತಿನಿಂದ ಕುಳಿತರು. ನಿರ್ದೇಶಕರು ಹೋದರು, ಸೂಟು ಕುರ್ಚಿಯಲ್ಲೇ ಕುಳಿತಿತ್ತು, ಬ್ಯಾಗೂ ಅದರ ತೊಡೆಯ ಮೇಲೆಯೇ ಇತ್ತು. ಆಚೆ ಕಡೆ, ರಾಕೆಟ್ಟಿನಲ್ಲಿ ಮೊದಲೇ ಹೋಗಿ ಹಾರ ಹಿಡಿದು ಕಾದಿದ್ದವರ ಎದುರಿಗೆ ಅವರು ಹಳೇ ಬನಿಯನ್ನು, ಉಡುದಾರ, ದಪ್ಪ ಗಾಜಿನ ಕನ್ನಡಕದ ಸಮೇತ ಪ್ರತ್ಯಕ್ಷರಾದರಂತೆ. ಪುಣ್ಯಕ್ಕೆ ಚಡ್ಡಿಯೂ ಹಳೆಯದೇ ಆಗಿತ್ತು.

ವಿಜ್ಞಾನಿಗಳು ತಲೆ ಕೆಡಿಸಿಕೊಂಡು ಕಾರಣ ಹುಡುಕಿದರು. ನಮ್ಮ ಎದೆ, ಉಸಿರು, ನರ ಎಲ್ಲ ಸೇರಿ ಮೈಗೊಂದು ಸಣ್ಣ ಮಿಡಿತವಿದೆ, ಒಬ್ಬರದು ಇನ್ನೊಬ್ಬರಿಗಿಲ್ಲ. ಬಹಳ ಕಾಲ ಮೈಗೆ ಹತ್ತಿಕೊಂಡಿದ್ದ ವಸ್ತುವೂ ಆ ಮಿಡಿತವನ್ನು ಹೀರಿಕೊಂಡು ತಾನೂ ಹಾಗೆಯೇ ಮಿಡಿಯುತ್ತದೆ, ಉಪ್ಪಿನಕಾಯಿ ಭರಣಿಯನ್ನು ತೊಳೆದರೂ ವಾಸನೆ ಉಳಿದ ಹಾಗೆ. ಒಂದೇ ಮಿಡಿತದ್ದೆಲ್ಲವನ್ನೂ ಹೊಸ್ತಿಲು ಒಂದೇ ಜೀವವೆಂದು ಎಣಿಸಿ ದಾಟಿಸುತ್ತದೆ, ಮಿಕ್ಕದ್ದು ಇಲ್ಲೇ ಬಿದ್ದಿರುತ್ತದೆ. ಊರಿನವರ ಬಾಯಲ್ಲಿ ಇಷ್ಟೆಲ್ಲ ಸೇರಿ ಒಂದೇ ಮಾತಾಯಿತು: ಸಾಮಾನು ಒಗ್ಗಿರಬೇಕು.

ಅಲ್ಲಿಂದ ಎರೆಗಲ್ಲಿನ ಚಹರೆಯೇ ಬದಲಾಯಿತು. ಮಂಗಳಕ್ಕೆ ಹೊರಟ ಹುಡುಗರು ಲ್ಯಾಪ್‌ಟಾಪನ್ನು ತಬ್ಬಿಕೊಂಡು ಮಲಗುತ್ತಿದ್ದರು. ಹೊಸ ಮದುಮಗಳು ಸ್ಟೀಲಿನ ತಾಟನ್ನು ಹೊಟ್ಟೆಗೆ ಕಟ್ಟಿಕೊಂಡು ಸಂತೆಗೆ ಬರುತ್ತಿದ್ದಳು, ಯಾರೂ ನಗುತ್ತಿರಲಿಲ್ಲ. ಒಬ್ಬ ಮುದುಕಿ ತನ್ನ ಹಳೇ ಸೀರೆಗಳನ್ನು ಕೂಡಿಸಿ ಹೊಲಿದ ಕೌದಿ ತಂದಾಗ ಕೌಂಟರಿನವರು ಅಳತೆ ಮೀರಿದೆ ಎಂದು ತಕರಾರು ಮಾಡಿದರು. ಪರೀಕ್ಷಿಸಿದರೆ ಕೌದಿ ಅಂಚಿನವರೆಗೂ ಆಕೆಯ ಹಾಗೆಯೇ ಮಿಡಿಯುತ್ತಿತ್ತು. ಆಕೆ ಅದನ್ನು ಹೊದ್ದುಕೊಂಡೇ ದಾಟಿದಳು.

ಈ ತಕರಾರುಗಳನ್ನೆಲ್ಲ ಬಗೆಹರಿಸುವ ಮೇಜಿಗೆ ಮುಖ್ಯಸ್ಥನಾಗಿದ್ದವನು ರೇವಣಸಿದ್ಧ ಗಾಣಿಗೇರ. ಕೈಸಾಮಾನಿನ ನಿಯಮ ಬರೆದವನೂ ಅವನೇ. ಒಗ್ಗದ ಸಾಮಾನು ತರಬಾರದು, ಬೇರೆಯವರ ಸಾಮಾನು ಒಗ್ಗಿಸಿಕೊಡುತ್ತೇವೆ ಎನ್ನುವ ದಲ್ಲಾಳಿಗಳನ್ನು ನಂಬಬಾರದು, ಒಟ್ಟು ತೂಕ ಏಳು ಕಿಲೋ ಮೀರಬಾರದು. ಏಳೇ ಏಕೆ ಎಂದರೆ ವಿಮಾನ ಹಾರುತ್ತಿದ್ದ ಕಾಲದಿಂದ ಹಾಗೇ ಬಂದಿತ್ತು, ರೇವಣ ಅದನ್ನು ತೆಗೆಯುವ ಗೋಜಿಗೆ ಹೋಗಿರಲಿಲ್ಲ. ಮೀರಿದರೆ ಮೇಜಿನ ಮುಖ್ಯಸ್ಥ ತನ್ನ ಜವಾಬ್ದಾರಿಯ ಮೇಲೆ ಸಹಿ ಹಾಕಬಹುದೆಂದು ಒಂದು ಸಾಲು ಸೇರಿಸಿದ್ದ, ಅಷ್ಟೇ. ಎಳೆಗೂಸುಗಳ ವಿಷಯಕ್ಕೂ ಒಂದು ನಿಯಮವಿತ್ತು. ಸಣ್ಣ ಮಕ್ಕಳ ಮಿಡಿತ ದಿನಕ್ಕೊಂದು ಥರ, ಹೊಸ್ತಿಲಿಗೆ ಗುರುತು ಹತ್ತುವುದಿಲ್ಲ. ಹಾಗಾಗಿ ಅವರಿಗೆ ಬೇರೆ ಟಿಕೆಟ್ಟಿಲ್ಲ, ದೊಡ್ಡವರ ಮಡಿಲಲ್ಲಿ ಕೈಸಾಮಾನಿನ ಲೆಕ್ಕದಲ್ಲಿ ಹೋಗಬೇಕು.

"ನನ್ನ ಕೂಸು ಅಂದ್ರ ಚೀಲೇನ್ರೀ?" ಎಂದು ಎಷ್ಟೋ ತಾಯಂದಿರು ಮೇಜಿನ ಮುಂದೆ ನಿಂತು ಜಗಳವಾಡಿದ್ದರು. ರೇವಣ ನಕ್ಕು, "ಅವ್ವಾರ, ಇದು ಬರೀ ಬರವಣಗಿ ಮಾತು," ಎಂದು ಸಮಾಧಾನ ಮಾಡಿ ಕಳಿಸುತ್ತಿದ್ದ. ಆ ನಿಯಮ ತನ್ನ ಮನೆ ಬಾಗಿಲಿಗೇ ಬರುತ್ತದೆಂದು ಅವನಿಗೆ ಆಗ ಗೊತ್ತಿರಲಿಲ್ಲ.

ಅವನ ಮನೆಯಲ್ಲಿ ತುಂಗಾ ಎಂಬ ಕೂಸಿತ್ತು. ಅವನ ತಂಗಿಯ ಮಗಳು. ತಂದೆ ಮೊದಲೇ ತೀರಿಕೊಂಡಿದ್ದ, ತಾಯಿ ಹೆರಿಗೆಯಲ್ಲಿ ಹೋದಳು. ರೇವಣನ ಹೆಂಡತಿ ನೀಲವ್ವ ಆಸ್ಪತ್ರೆಯಿಂದ ಆ ಕೂಸನ್ನು ಸೆರಗಿನಲ್ಲಿ ಸುತ್ತಿ ತಂದವಳು ಆಮೇಲೆ ಕೆಳಗಿಳಿಸಿದ್ದೇ ಕಡಿಮೆ. ತುಂಗಾ ಈಗ ರೇವಣನನ್ನು ಮಾಮಾ ಎನ್ನುತ್ತಿದ್ದಳು, ನೀಲವ್ವನನ್ನು ಮಾತ್ರ ಅವ್ವ ಎನ್ನುತ್ತಿದ್ದಳು. ನಡೆಯಲು ಹೊರಟರೆ ನಾಲ್ಕು ಹೆಜ್ಜೆಗೆ ತುಟಿ ನೀಲಿಯಾಗಿ ಕೂತುಬಿಡುತ್ತಿದ್ದಳು. ಹುಟ್ಟಿನಿಂದಲೇ ಎದೆ ದುರ್ಬಲ.

ಹೃದಯದ ಡಾಕ್ಟರು ಬೀಳಗಿಯವರು ಮುಚ್ಚುಮರೆ ಮಾಡಲಿಲ್ಲ. "ಈ ನೆಲದ ಭಾರಕ್ಕ ಕೂಸಿನ ಎದಿ ಶಕ್ತಿ ಮೀರಿ ದುಡ್ಯಾಕತ್ತೇತಿ. ಮಂಗಳದಾಗ ಮೈ ಹಗರ, ಇಲ್ಲಿದರ ಅರ್ಧಾನೂ ಇಲ್ಲ. ಅಲ್ಲಿ ಆಸ್ಪತ್ರಿಯೊಳಗ ಇಂಥಾ ಮಕ್ಕಳು ಓಡ್ಯಾಡ್ತಾವು. ನಾ ಚೀಟಿ ಬರ್ದು ಕೊಡ್ತೀನಿ, ಕರ್ಕೊಂಡು ಹೋಗ್ರಿ."

"ಇಲ್ಲೇ ಇದ್ರ?" ಎಂದಳು ನೀಲವ್ವ.

"ಮುಂದಿನ ಬ್ಯಾಸಿಗಿ ಮಟಾ ಸೈತ ಭರವಸಾ ಕೊಡಾಕ ಆಗೂದಿಲ್ಲವ್ವಾ."

ರೇವಣ ಜೊತೆಗೆ ಹೋಗುವಂತಿರಲಿಲ್ಲ. ವರ್ಷಗಟ್ಟಲೆ ಹೊಸ್ತಿಲ ಪಕ್ಕ ಕೆಲಸ ಮಾಡಿದವರ ಮಿಡಿತ ಕದಡಿಹೋಗಿರುತ್ತದೆ, ಅಂಥವರನ್ನು ಅದು ಮುಟ್ಟುವುದಿಲ್ಲ. ಹೋದರೆ ನೀಲವ್ವ, ಅವಳ ಮಡಿಲಲ್ಲಿ ತುಂಗಾ. ಅದೂ ಬೇಗ. ಮಂಗಳ ಆಗಲೇ ಸೂರ್ಯನ ಆಚೆಗೆ ಸರಿಯತೊಡಗಿತ್ತು. ಒಮ್ಮೆ ಮರೆಯಾದರೆ ಎರಡೂ ಗ್ರಹ ಮತ್ತೆ ಹತ್ತಿರವಾದ ಮೇಲೆಯೇ ಹೊಸ್ತಿಲು ತೆರೆಯುತ್ತಿತ್ತು, ಅದಕ್ಕೆ ವರ್ಷದ ಮೇಲೆಯೇ ಬೇಕಿತ್ತು. ಅಷ್ಟು ದಿನ ಆ ಕೂಸಿಗಿರಲಿಲ್ಲ.

ಮರುದಿನವೇ ರೇವಣ ಅವರಿಬ್ಬರನ್ನೂ ಒಗ್ಗುಪೆಟ್ಟಿಗೆಗೆ ಕರೆತಂದ. ಅದು ಗಾಜಿನ ಬಾಗಿಲಿನ ಸಣ್ಣ ಕೋಣೆ, ಒಳಗೆ ಒಂದು ಮಣೆ, ಹೊರಗೆ ಪರದೆ. ಪರದೆಯ ಮೇಲೆ ಪ್ರಯಾಣಿಕರ ಮಿಡಿತ ಹಳದಿ ಗೆರೆಯಾಗಿ, ಸಾಮಾನಿನದು ಬಿಳಿ ಗೆರೆಯಾಗಿ ಹರಿಯುತ್ತಿತ್ತು. ಎರಡೂ ಒಂದರ ಮೇಲೊಂದು ಕೂತರೆ ಒಗ್ಗಿದೆ ಎಂದರ್ಥ. ರೇವಣನ ಸಹಾಯಕ ಇಮ್ತಿಯಾಜ್ ಮುಲ್ಲಾ ಗುಂಡಿ ಒತ್ತಿದ. ನೀಲವ್ವನ ಹಳದಿ ಗೆರೆ ಸಮನಾಗಿ ಏರಿ ಇಳಿಯುತ್ತಾ ಹೋಯಿತು. ತುಂಗಾಳ ಬಿಳಿ ಗೆರೆ ಮೂರು ಸಲ ಏರಿ, ತಡವರಿಸಿ, ಉಸಿರು ಹಿಡಿದಂತೆ ನಿಂತು, ಮತ್ತೆ ಏರಿತು. ಎರಡಕ್ಕೂ ಸಂಬಂಧವೇ ಇರಲಿಲ್ಲ.

"ಬ್ಯಾರೆ ಕೂಸುಗಳು ತಾಯಿ ಮಡಿಲಾಗ ಕುಂತ್ರ ಸಾಕು, ತಾವ ಹೊಂದ್ಕೋತಾವು ಸಾಹೇಬ್ರ," ಎಂದ ಇಮ್ತಿಯಾಜ್ ದನಿ ತಗ್ಗಿಸಿ. "ಈಕಿ ಎದಿ ಹೊಂದ್ಕೊಳ್ಳೂ ಅಂಥಾದ್ದಲ್ಲ."

ರೇವಣನಿಗೆ ನಿರ್ದೇಶಕರ ಆ ಖಾಲಿ ಸೂಟು ಕಣ್ಣಿಗೆ ಕಟ್ಟಿತು. ನೀಲವ್ವ ಆಚೆ ದಾಟಿ, ಕೂಸು ಕುರ್ಚಿಯ ಮೇಲೆ ಒಂಟಿಯಾಗಿ ಕೂತು ಅಳುತ್ತಿರುವುದೂ ಕಂಡಿತು. ಗೆರೆ ಕೂಡದೆ ಕಳಿಸುವುದಿಲ್ಲ ಎಂದು ಅಲ್ಲೇ ನಿಶ್ಚಯಿಸಿದ.

ಕೂಡಿಸುವ ದಾರಿಯನ್ನೂ ಅವನೇ ಕಂಡುಹಿಡಿದ, ಅಥವಾ ಕಂಡುಹಿಡಿದೆ ಅಂದುಕೊಂಡ. ನೀಲವ್ವನ ಮಿಡಿತದ ಲಯಕ್ಕೆ ಟಕ್ ಟಕ್ ಎನ್ನುವ ಒಂದು ಸಣ್ಣ ಡಬ್ಬಿ ಮಾಡಿಸಿ ಮನೆಗೆ ತಂದ. "ಹಗಲೆಲ್ಲ ಆಕಿನ್ನ ಮೈಗೆ ಕಟ್ಗೊಂಡಿರು. ತಟ್ಟಿ ಮಲಗಸೂ ಮುಂದ ಈ ತಾಳಕ್ಕ ತಟ್ಟು. ನಿನ್ನ ಮಿಡಿತ ಆಕಿ ಕಲೀಬೇಕು."

ನೀಲವ್ವ ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಆಕಿ ಎದಿ ಆಕಿದರೀ. ಅದಕ್ಕೇನ್ ಕಲಸೂದು?"

"ಕಲೀದಿದ್ರ ಹೊಸ್ತಿಲು ದಾಟೂದಿಲ್ಲ. ನಾ ಹೇಳಿದಂಗ ಮಾಡು."

ಅವನ ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆ ಹೆಚ್ಚಿತ್ತು. ಅದು ಗೊತ್ತಾದ್ದರಿಂದ ಅವಳು ಎದುರಾಡಲಿಲ್ಲ.

ವಾರಕ್ಕೊಮ್ಮೆ ತುಂಗಾಳನ್ನು ರೇವಣನೇ ಎತ್ತಿಕೊಂಡು ಹೋಗಿ ಪೆಟ್ಟಿಗೆಯಲ್ಲಿ ಕೂರಿಸುತ್ತಿದ್ದ. ಮೇಜಿನ ಪದ್ಧತಿಯೇ ಹಾಗೆ. ಪ್ರಯಾಣಿಕರ ಮಿಡಿತವನ್ನು ಮೊದಲ ದಿನ ಒಮ್ಮೆ ದಾಖಲಿಸಿಕೊಂಡರೆ ಮುಗಿಯಿತು, ಆಮೇಲೆ ಒಗ್ಗಿತೋ ಇಲ್ಲವೋ ಎಂದು ಅಳೆಯುವುದು ಸಾಮಾನನ್ನು ಮಾತ್ರ. ಹೊಸ್ತಿಲ ಪಕ್ಕ ದುಡಿಯದ ದೊಡ್ಡವರ ಮಿಡಿತ ಬದಲಾಗುವುದಿಲ್ಲ, ಬದಲಾಗುವುದು ತಾಟು ಚೊಂಬು ಎಂದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಪರದೆಯ ಮೇಲೆ ಮೊದಲ ದಿನದ ಹಳದಿ ಗೆರೆ ಹರಿಯುತ್ತಿತ್ತು, ಅದರ ಕೆಳಗೆ ತುಂಗಾಳ ಬಿಳಿ ಗೆರೆ ಕುಂಟುತ್ತಿತ್ತು. ಮೂರು, ತಡೆ. ಮೂರು, ತಡೆ. ಪ್ರತಿ ವಾರವೂ ಅದೇ. ಅವನು ಎಷ್ಟು ತೀಡಿದರೂ ಆ ಗೆರೆ ತನ್ನ ಹಾದಿ ಬಿಡಲಿಲ್ಲ.

ಹೊಸ್ತಿಲು ಮುಚ್ಚುವ ದಿನ ಬಂದೇಬಿಟ್ಟಿತು. ಆ ಸಲದ ಕೊನೆಯ ಫ್ಲೈಟು ಮಧ್ಯಾಹ್ನಕ್ಕಿತ್ತು. ಬೆಳಿಗ್ಗೆ ರೇವಣ ಮನೆಯ ಪಡಸಾಲೆಯಲ್ಲಿ ಬೂಟು ಹಾಕಿಕೊಳ್ಳುತ್ತಾ ಕುಳಿತಿದ್ದ. ನೀಲವ್ವನ ಹೆಸರನ್ನು ಪಟ್ಟಿಯಿಂದ ತೆಗೆಯಬೇಕು, ಆ ಮಾತನ್ನು ಅವಳಿಗೆ ಹೇಳಬೇಕು, ಹೇಗೆ ಹೇಳುವುದೆಂದು ತೋಚದೆ ಒಂದೇ ಬೂಟಿನ ಲಾಡಿಯನ್ನು ಮತ್ತೆ ಮತ್ತೆ ಬಿಚ್ಚಿ ಕಟ್ಟುತ್ತಿದ್ದ. ಒಳಗೆ ನೀಲವ್ವ ರೊಟ್ಟಿ ಬಡಿಯುತ್ತಿದ್ದಳು, ಬೆನ್ನಿಗೆ ತುಂಗಾಳನ್ನು ಸೀರೆಯಿಂದ ಕಟ್ಟಿಕೊಂಡು.

ಗೋಡೆಯಾಚೆಯಿಂದ ಪಕ್ಕದ ಮನೆಯ ಫಕೀರವ್ವಜ್ಜಿ ಕೂಗಿ ಕೇಳಿದಳು, "ಏ ನೀಲಾ, ಕೈ ನೋಯಾಕತ್ತೇತೇನ? ಎಷ್ಟು ದಿವಸಾತು, ರೊಟ್ಟಿ ಬಡಿಯೂದ ಒಂಥರಾ ಆಗೇತಲ್ಲ."

"ಏನಿಲ್ಲ ಬಿಡ ಯಮ್ಮಾ," ಎಂದಳು ನೀಲವ್ವ.

ರೇವಣನಿಗೆ ಆಗ ಕಿವಿ ತೆರೆಯಿತು. ನೀಲವ್ವನ ರೊಟ್ಟಿಯ ಸದ್ದು ಓಣಿಗೆಲ್ಲ ಗೊತ್ತು. ಪಟಪಟಪಟ ಎಂದು ಒಂದೇ ಸಮ ಓಡುತ್ತಿದ್ದದ್ದು ಅದು. ಮದುವೆಯಾದ ಹೊಸದರಲ್ಲಿ ಆ ಸದ್ದು ಕೇಳುತ್ತಾ ಅವನು ಬೇಕೆಂತಲೇ ತಡವಾಗಿ ಏಳುತ್ತಿದ್ದ. ಈಗ ಕೇಳಿದರೆ, ಪಟ, ಪಟ, ಪಟ, ಕೈ ತಡೆಯಿತು. ಪಟ, ಪಟ, ಪಟ, ಮತ್ತೆ ತಡೆಯಿತು. ಇಷ್ಟು ವಾರ ಪರದೆಯ ಮೇಲೆ ಅವನು ಶಪಿಸುತ್ತಾ ನೋಡಿದ್ದ ಗೆರೆ ಅಡುಗೆಮನೆಯಿಂದ ಅವನ ಕಿವಿಗೆ ಬರುತ್ತಿತ್ತು.

ಎದ್ದು ಒಳಗೆ ಹೋದ, ಒಂದೇ ಬೂಟಿನಲ್ಲಿ. "ನೀಲಾ, ಆ ಡಬ್ಬಿ ಎಲ್ಲೈತಿ?"

ಅವಳು ಕಣ್ಣು ತಪ್ಪಿಸಿದಳು. "ಜ್ವಾಳದ ಹಿಟ್ಟಿನ ಡಬರಿಯೊಳಗ."

"ಯಾವತ್ತಿಂದ?"

"ನೀವು ಕೊಟ್ಟ ಮರುದಿನದಿಂದ. ಸಿಟ್ಟಾಗಬ್ಯಾಡ್ರಿ. ನನ್ನಿಂದ ಆಗಲಿಲ್ಲ. ಆಕಿನ್ನ ಮಲಗಸೂ ಮುಂದ ಎದಿ ಮ್ಯಾಲೆ ಕೈ ಇಟ್ಟಿರ್ತೀನಿ. ಅದು ತಡದಾಗ ನನ್ನ ಉಸುರೂ ತಡೀತೈತಿ. ಮತ್ತ ಅದು ಬಡದ್ರ ನಾ ಉಸುರು ಬಿಡ್ತೀನಿ. ನಿಮ್ಮ ಡಬ್ಬಿ ತಾಳಕ್ಕ ಕೈ ಏಳಲೇ ಇಲ್ರಿ." ಅವಳು ಬೆನ್ನಿನ ಕೂಸನ್ನು ಮೇಲಕ್ಕೆ ಸರಿಸಿಕೊಂಡಳು. "ನನ್ನಿಂದ ಆಕಿ ಪ್ರಯಾಣ ತಪ್ಪೇತಿ, ಹೌದಲ್ಲ? ಖರೇ ಹೇಳ್ರಿ."

ರೇವಣ ಹಿಟ್ಟು ಹತ್ತಿದ ಅವಳ ಕೈ ಹಿಡಿದು, "ನಡಿ," ಎಂದ. ಹಂಚಿನ ಮೇಲಿನ ರೊಟ್ಟಿ ಹೊತ್ತಿಹೋಯಿತು.

ಒಗ್ಗುಪೆಟ್ಟಿಗೆಯಲ್ಲಿ ಇಬ್ಬರನ್ನೂ ಒಟ್ಟಿಗೆ ಕೂರಿಸಿ, ಮೊದಲ ದಿನದ ದಾಖಲೆಯನ್ನು ಅಳಿಸಿ, ನೀಲವ್ವನನ್ನು ಹೊಸದಾಗಿ ಅಳೆಯುವಂತೆ ರೇವಣ ಹೇಳಿದ. ಇಮ್ತಿಯಾಜ್ ಅವನ ಮುಖ ನೋಡಿದ, ಏನೂ ಕೇಳದೆ ಗುಂಡಿ ಒತ್ತಿದ. ಮೊದಲು ಬಿಳಿ ಗೆರೆ ಬಂತು. ಮೂರು, ತಡೆ. ಆಮೇಲೆ ಹಳದಿ ಗೆರೆ ಬಂತು, ಬಂದು ಬಿಳಿಯದರ ಮೇಲೆ ಕುಳಿತಿತು. ಏರುವಲ್ಲಿ ಏರಿತು, ಮುಗ್ಗರಿಸುವಲ್ಲಿ ಮುಗ್ಗರಿಸಿತು, ನಿಲ್ಲುವಲ್ಲಿ ನಿಂತು ಕಾದಿತು. ಎರಡು ಗೆರೆ ಇವೆ ಎಂದು ಮೊದಲೇ ಗೊತ್ತಿಲ್ಲದವರಿಗೆ ಅಲ್ಲಿ ಒಂದೇ ಕಾಣುತ್ತಿತ್ತು.

ಇಮ್ತಿಯಾಜ್ ಕುರ್ಚಿಯಿಂದ ಎದ್ದು ನಿಂತ. ಪಕ್ಕದ ಮೇಜಿನವರು ಬಂದರು, ಅವರ ಹಿಂದೆ ಕಂಟ್ರೋಲ್ ರೂಮಿನವರೂ ಬಂದರು. ತಾಟು, ಚೊಂಬು, ಕೌದಿ, ಕನ್ನಡಕ, ಏನೆಲ್ಲ ಮನುಷ್ಯನ ಹಿಂದೆ ಹೋಗುವುದನ್ನು ಕಂಡವರು ಅವರು. ಒಂದು ಆರೋಗ್ಯವಂತ ಎದೆ ತಾನಾಗಿ ತನ್ನ ನಡಿಗೆ ಬಿಟ್ಟು ಕುಂಟುವ ಕೂಸಿನ ಜೊತೆ ಹೆಜ್ಜೆ ಹಾಕುವುದನ್ನು ಅವರು ಕಂಡಿರಲಿಲ್ಲ, ಆಗುತ್ತದೆಂದು ಯಾವ ವಿಜ್ಞಾನಿಯೂ ಅವರಿಗೆ ಹೇಳಿರಲಿಲ್ಲ. ರೇವಣ ಆ ಗಾಜಿನ ಕೋಣೆಗೆ ಕೈ ಮುಗಿಯದಿದ್ದದ್ದೇ ಹೆಚ್ಚು.

ಆದರೆ ಇಮ್ತಿಯಾಜ್ ಕೆಲಸ ಬಲ್ಲವನು. ಗಂಟಲು ಸರಿಮಾಡಿಕೊಂಡು ಹೇಳಿದ, "ಸಾಹೇಬ್ರ, ಸಂತೋಷ ಪಡೂ ಹಂಗಿಲ್ಲ. ನಿಯಮ ನೀವ ಬರ್ದೀರಿ. ಎದಿಬಡಿತ ಏರುಪೇರು ಇದ್ದ ಪ್ರಯಾಣಿಕರನ್ನ ಕಳಸಾಕ ಬರೂದಿಲ್ಲ. ಅಕ್ಕಾರದು ಈಗ ಏರುಪೇರ ಆತಲ್ಲ."

ಹೌದು, ಬರೆದಿದ್ದ. ಆಚೆ ಹೋಗಿ ಎದೆ ಹಿಡಿದುಕೊಂಡು ಕುಸಿದರೆ ನೋಡುವವರು ಯಾರು ಎಂಬ ಮುಂದಾಲೋಚನೆಯಿಂದ ಬರೆದಿದ್ದ. ಆಸ್ಪತ್ರೆಯ ಚೀಟಿ ಇದ್ದ ರೋಗಿಗಳಿಗೆ ಮಾತ್ರ ವಿನಾಯಿತಿ. ಚೀಟಿ ಇದ್ದದ್ದು ತುಂಗಾಳ ಹೆಸರಿಗೆ. ನೀಲವ್ವನಿಗೆ ಚೀಟಿ ಬರೆಸುವುದಕ್ಕೆ ಡಾಕ್ಟರು ಹತ್ತಿರದಲ್ಲಿರಲಿಲ್ಲ, ಹೊತ್ತೂ ಇರಲಿಲ್ಲ. ಕಟ್ಟೆಯ ಕಡೆಯಿಂದ ಬಳೆ ಬಿಸಿಯೇರುವ ಗುಂಯ್ ಸದ್ದು ಆಗಲೇ ಶುರುವಾಗಿತ್ತು. ಇಷ್ಟು ದೂರ ಬಂದು ತನ್ನದೇ ಒಂದು ಸಾಲಿಗೆ ಎಡವಿ ಬೀಳುವುದೇ ಎಂದು ರೇವಣನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಗಾಜಿನಾಚೆ ತುಂಗಾ ನೀಲವ್ವನ ಮೂಗುತಿ ಹಿಡಿದು ಎಳೆಯುತ್ತಿದ್ದಳು. ಪರದೆಯ ಮೇಲೆ ಅವಳ ಗೆರೆ ತನ್ನ ಪಾಡಿಗೆ ತಾನು ನಡೆಯುತ್ತಿತ್ತು. ರೇವಣ ಅದನ್ನೇ ದಿಟ್ಟಿಸಿದ. ಎಳೆಗೂಸಿನ ಮಿಡಿತ ದಿನಕ್ಕೊಂದು ಥರ ಎಂದು ತಾನೆ ಅವರಿಗೆ ಟಿಕೆಟ್ಟಿಲ್ಲ? ಈ ಕೂಸಿನದು ಬದಲಾಗಿರಲೇ ಇಲ್ಲ. ಬದಲಾಯಿಸಲು ಅವನು ಪಟ್ಟ ಪಾಡೇ ಅದಕ್ಕೆ ಸಾಕ್ಷಿಯಾಗಿತ್ತು. ಕುಂಟುತ್ತಿತ್ತು, ಆದರೆ ಒಂದೇ ರೀತಿ ಕುಂಟುತ್ತಿತ್ತು.

"ಇಮ್ತಿಯಾಜ್," ಎಂದ ನಿಧಾನವಾಗಿ, "ಕೈಸಾಮಾನಿಗೆ ಎದಿಬಡಿತದ ನಿಯಮ ಏನೈತಿ?"

"ಕೈಸಾಮಾನಿಗೆ ಎದಿಬಡಿತ ಎಲ್ಲಿಂದ ಬರ್ತೈತ್ರಿ? ಏನೂ ಇಲ್ಲ. ಪ್ರಯಾಣಿಕರ ಜೊತಿ ಗೆರಿ ಕೂಡಿದ್ರ ಆತು."

"ಹಂಗಾರ ಹೆಸರು ಅದಲಾಬದಲಿ ಮಾಡು. ಪ್ರಯಾಣಿಕರು ತುಂಗಾ, ಆಸ್ಪತ್ರಿ ಚೀಟಿ ಐತಿ. ಕೈಸಾಮಾನು ನೀಲವ್ವ."

ಇಮ್ತಿಯಾಜನ ಬೆರಳು ಕೀಲಿಮಣೆಯ ಮೇಲೆ ನಿಂತುಬಿಟ್ಟಿತು. ಆಮೇಲೆ ಅವನ ಮೀಸೆ ಅಲುಗಿತು. "ಏಳು ಕಿಲೋಕ್ಕಿಂತ ಭಾಳ ಜಾಸ್ತಿ ಆಗ್ತೈತ್ರಿ."

"ನಾ ಸಹಿ ಮಾಡ್ತೀನಿ."

ಸಹಿ ಮಾಡಿದ. ಹೊಸ್ತಿಲು ಕೂಸನ್ನಷ್ಟೇ ಒಯ್ದು ನೀಲವ್ವನನ್ನು ಇಲ್ಲೇ ಬಿಟ್ಟರೆ ಆ ಕೂಸು ಅಷ್ಟು ದೂರದಲ್ಲಿ ಯಾರ ಮುಖ ನೋಡಬೇಕು? ಗೆರೆಗಳು ಸುಳ್ಳು ಹೇಳುವುದಿಲ್ಲ ಎಂದು ಅವನಿಗೆ ಗೊತ್ತಿತ್ತು, ಆದರೂ ಹೆದರಿದ. ಕುರ್ಚಿಯವರೆಗೂ ಅವರ ಜೊತೆ ನಡೆದು, ಬೆಲ್ಟನ್ನು ತಾನೇ ಕಟ್ಟಿದ. ತುಂಗಾ ಅವನ ಕೊರಳ ಪಟ್ಟಿ ಹಿಡಿದುಕೊಂಡು, "ಮಾಮಾ ಬಾ," ಎಂದಳು.

"ಮುಂದಿನ ಫ್ಲೈಟಿಗೆ ಬರ್ತೀನವ್ವಾ," ಎಂದು ಸುಳ್ಳು ಹೇಳಿದ. ನೀಲವ್ವ ಅವನನ್ನೇ ನೋಡುತ್ತಿದ್ದಳು. ಅವಳ ಎಡಗೈ ಕೂಸಿನ ಬೆನ್ನ ಮೇಲೆ ತಟ್ಟುತ್ತಲೇ ಇತ್ತು.

"ಊಟ ಹೊತ್ತಿಗೆ ಸರಿಯಾಗಿ ಮಾಡ್ರಿ," ಎಂದಳು.

ಅವನು ಕಂಟ್ರೋಲ್ ರೂಮಿಗೆ ಬಂದು ಗಾಜಿಗೆ ಹಣೆ ಒತ್ತಿ ನಿಂತ. ಬಳೆಯೊಳಗಿನ ದೂಳು ಇದ್ದಲ್ಲೇ ನಿಂತಿತು. ಗಾಳಿ ತಡೆಯಿತು, ಗುಂಯ್ ಸದ್ದು ಅಡಗಿತು, ಅಲ್ಲಿದ್ದವರೆಲ್ಲ ಎದ್ದರು. ಕೆಂಪು ಬೆಳಕು ಇತ್ತ ಚೆಲ್ಲಿ ನೀಲವ್ವನ ಕೆನ್ನೆ, ಕೂಸಿನ ಕಾಲು, ಕುರ್ಚಿ, ಕರಿಕಲ್ಲು, ಎಲ್ಲವನ್ನೂ ಒಂದೇ ಬಣ್ಣ ಮಾಡಿತು. ಎಷ್ಟೋ ಸಲ ನೋಡಿದ್ದ ಬೆಳಕು, ಆದರೂ ರೇವಣನ ಮೈ ಜುಮ್ಮೆಂದಿತು. ಕೋಟಿಗಟ್ಟಲೆ ಮೈಲಿಯ ಕತ್ತಲೆಯನ್ನು ಮಡಚಿಟ್ಟುಕೊಂಡ ಅಂಥದೊಂದು ಶಕ್ತಿ ತನ್ನ ಮನೆಯ ಒಂದು ಕೂಸಿನ ಎದೆಯನ್ನು ಕಿವಿಗೊಟ್ಟು ಕೇಳುತ್ತಿದೆ ಎನ್ನಿಸಿತು. ಬೆಳಕು ಹೋಯಿತು.

ಕುರ್ಚಿ ಖಾಲಿ ಇತ್ತು. ಬೆಲ್ಟು ಕಟ್ಟಿದ ಹಾಗೆಯೇ ಇತ್ತು.

ಇಬ್ಬರೂ ಹೋಗಿದ್ದರು, ನಿಜ. ಆದರೆ ಮುಟ್ಟಿದರೋ ಇಲ್ಲವೋ ಆಚೆಯವರು ಹೇಳಬೇಕು. ಹೊಸ್ತಿಲು ಮನುಷ್ಯರನ್ನು ಗಳಿಗೆಯಲ್ಲಿ ದಾಟಿಸಿದರೂ ಸುದ್ದಿ ಮಾತ್ರ ರೇಡಿಯೋದಲ್ಲಿ, ಬೆಳಕು ನಡೆಯುವ ವೇಗದಲ್ಲಿಯೇ ಬರಬೇಕಿತ್ತು, ಮಂಗಳ ಆಗ ಬಹಳ ದೂರವಿತ್ತು. ಯಾರೋ ಚಹಾ ತಂದಿಟ್ಟರು, ಅದರ ಮೇಲೆ ಕೆನೆ ಕಟ್ಟಿತು. ರೇವಣ ಪಕ್ಕದ ಮೇಜಿಗೆ ಬೆರಳಿನಿಂದ ಬಡಿಯುತ್ತಿದ್ದ. ಮೂರು ಬಡಿದು ತಡೆಯುತ್ತಿದ್ದ, ಅದು ಅವನಿಗೆ ಗೊತ್ತೇ ಇರಲಿಲ್ಲ.

ಪರದೆ ಮಿನುಗಿತು. ಆಚೆಯ ಮೇಜಿನಲ್ಲಿ ಇದ್ದದ್ದು ಕೊಪ್ಪಳ ಕಡೆಯ ಒಬ್ಬ ಹೆಣ್ಣುಮಗಳು. ಅವಳು ಕಳಿಸಿದ ಸಂದೇಶವನ್ನು ಓದುವ ಧೈರ್ಯ ರೇವಣನಿಗೆ ಬರಲಿಲ್ಲ, ಕಣ್ಣು ಮುಚ್ಚಿ ನಿಂತ. ಇಮ್ತಿಯಾಜ್ ಗಟ್ಟಿಯಾಗಿ ಓದಿದ:

"ಪ್ರಯಾಣಿಕರು ಒಬ್ಬರು, ಕೈಸಾಮಾನು ಒಂದು, ಎರಡೂ ಸುರಕ್ಷಿತ. ಪ್ರಯಾಣಿಕರು ಕೆಳಗಿಳಿದು ಓಡ್ಯಾಡಾಕತ್ತಾರ, ಹಿಡಿಯಾಕ ಆಗವಲ್ದು. ಕೈಸಾಮಾನು ಕುಂತು ಅಳಾಕತ್ತೇತಿ."

ರೇವಣ ಕಣ್ಣು ತೆರೆಯಲಿಲ್ಲ. "ಇನ್ನೊಮ್ಮೆ ಓದು," ಎಂದ.